ಗಡಿಯಾರಕ್ಕೆ ವಿದ್ಯುತ್ತಿನ ಮೂಲ: ಬೇನನ ಭೂಕೋಶದಿಂದ ಮನೆಯಲ್ಲಿ ಕಟ್ಟುವ ಗಡಿಯಾರದವರೆಗೆ

ಎಲೆಕ್ಟ್ರಾನಿಕ್ ಗಡಿಯಾರವೊಂದನ್ನು ತಾನೇ ಕಟ್ಟಹೊರಟ ವಿದ್ಯಾರ್ಥಿಯು ಎಣಿಸುವ ಮಂಡಲದ ವಿಷಯವಾಗಿಯೂ ಅಂಕಿಗಳನ್ನು ತೋರುವ ದೀಪಗಳ ವಿಷಯವಾಗಿಯೂ ಬಹಳ ಆಲೋಚಿಸುತ್ತಾನೆ. ಅದಕ್ಕೆ ವಿದ್ಯುತ್ತನ್ನು ಎಲ್ಲಿಂದ ತರಬೇಕೆಂಬುದನ್ನು ಮಾತ್ರ ಕಡೆಯ ದಿನಕ್ಕೆ ಬಿಡುತ್ತಾನೆ. ಮನೆಯಲ್ಲಿ ಬಿದ್ದಿದ್ದ ಅಡಾಪ್ಟರೊಂದನ್ನು ಜೋಡಿಸಿದರೆ ದೀಪಗಳು ಬೆಳಗುತ್ತವೆ, ಕೆಲಸ ಮುಗಿಯಿತೆಂದು ತೋರುತ್ತದೆ. ಗಡಿಯಾರದ ಚರಿತ್ರೆಯನ್ನು ಬಲ್ಲವರಿಗೆ ಈ ಕ್ರಮ ತಲೆಕೆಳಗಾದುದೆಂದು ತೋರದಿರದು. 1840ರಿಂದ ಈಚೆಗೆ ವಿದ್ಯುದ್ಗಡಿಯಾರದ ಚರಿತ್ರೆಯೆಂಬುದು ಬಹುಮಟ್ಟಿಗೆ ಅದರ ವಿದ್ಯುನ್ಮೂಲದ ಚರಿತ್ರೆಯೇ ಆಗಿದೆ. ಆ ಚರಿತ್ರೆಯಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ: ವಿದ್ಯುತ್ತು ಗಡಿಯಾರವನ್ನು ನಡೆಸುವ ಬಲ ಮಾತ್ರವೋ, ಅಥವಾ ಅದಕ್ಕೆ ವೇಳೆಯನ್ನು ಹೇಳಿಕೊಡುವ ಹೊಣೆಯೂ ಅದರದೋ? ಈ ಎರಡು ಕೆಲಸಗಳನ್ನು ಬೆರಸಿದಾಗ ಏನಾಯಿತು, ಬೇರ್ಪಡಿಸಿದಾಗ ಏನಾಯಿತು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸುತ್ತೇವೆ.

ವಿದ್ಯುತ್ತಿಗೆ ಹಿಂದಿನ ಗಡಿಯಾರಗಳು ತೂಕದಿಂದಲೋ ಸುರುಳಿಯಿಂದಲೋ ನಡೆಯುತ್ತಿದ್ದವು. ನೇತುಹಾಕಿದ ತೂಕದ ಸೆಳೆತ ಎಂದಿಗೂ ಒಂದೇ. ಸುರುಳಿಯ ಸೆಳೆತ ಹಾಗಲ್ಲ. ಕೀಲಿ ಕೊಟ್ಟ ಹೊಸದರಲ್ಲಿ ಬಲವಾಗಿದ್ದು ಕ್ರಮೇಣ ಸಡಿಲುತ್ತದೆ. ಈ ಒಂದು ದೋಷವನ್ನು ಸರಿಪಡಿಸುವುದಕ್ಕೆ ಯೂರೋಪಿನ ಕುಶಲಕರ್ಮಿಗಳು ಹಲವು ಶತಮಾನ ಬುದ್ಧಿಯನ್ನು ವ್ಯಯಮಾಡಿದರು. ವಿದ್ಯುತ್ಕೋಶವು ಬಂದಾಗ ಕೀಲಿ ಕೊಡುವ ಕೆಲಸ ತಪ್ಪಿತೆಂದು ಅನೇಕರು ಹಿಗ್ಗಿದರು. ಆದರೆ ಸ್ವಭಾವದಲ್ಲಿ ವಿದ್ಯುತ್ಕೋಶವು ತೂಕವನ್ನು ಹೋಲುವುದಿಲ್ಲ, ಸುರುಳಿಯನ್ನು ಹೋಲುತ್ತದೆ. ಹಳೆಯ ವ್ಯಾಧಿ ಹೊಸ ವೇಷದಲ್ಲಿ ಮರಳಿತು.

ವಿದ್ಯುದ್ಗಡಿಯಾರದ ಮೊದಲಿಗರಲ್ಲಿ ಪ್ರಮುಖನಾದ ಅಲೆಕ್ಸಾಂಡರ್ ಬೇನನು ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿರುವ ಕೇತ್‌ನೆಸ್ ಪ್ರಾಂತದ ಬಡ ರೈತನ ಮಗ. ವಿಕ್ ಎಂಬ ಊರಿನಲ್ಲಿ ಗಡಿಯಾರದ ಕೆಲಸವನ್ನು ಕಲಿತು ಲಂಡನ್ನಿಗೆ ಬಂದು, 1840ರಲ್ಲಿ ತನ್ನ ವಿದ್ಯುದ್ಗಡಿಯಾರದ ಮಾದರಿಗಳನ್ನು ಆಗಲೇ ಪ್ರಖ್ಯಾತನಾಗಿದ್ದ ಚಾರ್ಲ್ಸ್ ವೀಟ್‌ಸ್ಟನನಿಗೆ ತೋರಿಸಿದನು. ಅದೇ ವರ್ಷದ ನವೆಂಬರಿನಲ್ಲಿ ವೀಟ್‌ಸ್ಟನನು ರಾಯಲ್ ಸೊಸೈಟಿಯ ಮುಂದೆ ತನ್ನದೇ ಎಂದು ಒಂದು ವಿದ್ಯುದ್ಗಡಿಯಾರವನ್ನು ಪ್ರದರ್ಶಿಸಿದನು. ಇವರಿಬ್ಬರ ವ್ಯಾಜ್ಯದ ಕಥೆ ಸ್ವಾರಸ್ಯವಾದುದೇ. ಆದರೆ ನಮ್ಮ ವಿಷಯಕ್ಕೆ ಬೇಕಾದುದು ಬೇನನು 1843ರಲ್ಲಿ ಪಡೆದ ಪೇಟೆಂಟು. ಅದರಲ್ಲಿ ಅವನು ಅಂಗಡಿಯಿಂದ ಕೋಶವನ್ನು ಕೊಳ್ಳದೆ, ಒದ್ದೆ ನೆಲದಲ್ಲಿ ಸತುವಿನ ಫಲಕವೊಂದನ್ನೂ ತಾಮ್ರದ ಫಲಕವೊಂದನ್ನೂ ಹೂಳಿ, ಅವುಗಳಿಂದ ಎಳೆದ ತಂತಿಗಳನ್ನು ಗಡಿಯಾರಕ್ಕೆ ಸೇರಿಸಿದನು. ಭೂಮಿಯ ತೇವವೇ ಇಲ್ಲಿ ಕೋಶದ ದ್ರವ. ಇದರಿಂದ ದೊರೆಯುತ್ತಿದ್ದುದು ಸುಮಾರು 1 ವೋಲ್ಟ್ ಮಾತ್ರ. ಲೋಲಕದ ಗುಂಡಿನ ಸ್ಥಾನದಲ್ಲಿ ತಂತಿಯ ಸುರುಳಿಯೊಂದಿತ್ತು. ಅದು ಶಾಶ್ವತ ಅಯಸ್ಕಾಂತಗಳ ಮೇಲೆ ತೂಗಾಡುತ್ತ, ತೂಗುವಾಗ ಜಾರುಕಡ್ಡಿಯೊಂದನ್ನು ಆಚೀಚೆ ತಳ್ಳಿ, ಮಂಡಲವನ್ನು ಕೂಡಿಸುತ್ತಲೂ ಬಿಡಿಸುತ್ತಲೂ ಇತ್ತು. ಮನೆಯಲ್ಲಿಯೇ ಕಟ್ಟಬಹುದಾದ ಗಡಿಯಾರಕ್ಕೆ ಹಿತ್ತಿಲಿನಲ್ಲಿಯೇ ಹೂಳಬಹುದಾದ ವಿದ್ಯುನ್ಮೂಲ! ಈ ಸರಳತೆಯ ಸೊಬಗನ್ನು ನಾವು ಮೆಚ್ಚದಿರಲಾರೆವು.

ಆದರೆ ಇದರಲ್ಲಿ ಒಂದು ಕುಂದಿತ್ತು. ನೆಲ ಒಣಗಿದರೆ ವಿದ್ಯುತ್ತು ಕುಗ್ಗುತ್ತದೆ, ಮಳೆ ಬಂದರೆ ಹಿಗ್ಗುತ್ತದೆ. ಬೇನನ ರಚನೆಯಲ್ಲಿ ವಿದ್ಯುತ್ತು ನೇರವಾಗಿ ಲೋಲಕವನ್ನೇ ತಳ್ಳುತ್ತಿದ್ದುದರಿಂದ ತಳ್ಳಿನ ಬಲವೂ ಹಾಗೆಯೇ ಏರಿಳಿಯುತ್ತಿತ್ತು. ಲೋಲಕವು ನಡುವಿನಿಂದ ಒಂದು ಪಕ್ಕಕ್ಕೆ ಸರಿಯುವ ಗರಿಷ್ಠ ಅಳತೆಯನ್ನು ಪಾರ ಎನ್ನುತ್ತೇವೆ. ಪಾರವು ಎಷ್ಟಾದರೂ ಆಂದೋಲನಾವಧಿ ಬದಲಾಗುವುದಿಲ್ಲವೆಂದು ಪಾಠಪುಸ್ತಕಗಳು ಹೇಳುವುದು ಅತಿ ಸಣ್ಣ ಪಾರಗಳಿಗೆ ಸಲ್ಲುವ ಮಾತು. ನಿಜದಲ್ಲಿ ಪಾರದ ವರ್ಗದ ಹದಿನಾರನೆಯ ಒಂದು ಪಾಲಿನಷ್ಟು (ಪಾರವನ್ನು ರೇಡಿಯನ್ನುಗಳಲ್ಲಿ ಅಳೆದಾಗ) ಅವಧಿಯು ಹೆಚ್ಚುತ್ತದೆ. 2 ಡಿಗ್ರಿ ಪಾರಕ್ಕೆ ಈ ಹೆಚ್ಚಳವು ದಿನಕ್ಕೆ ಸುಮಾರು 6.6 ಸೆಕೆಂಡು, 3 ಡಿಗ್ರಿಗೆ ಸುಮಾರು 14.8 ಸೆಕೆಂಡು. ಎಂದರೆ ವಿದ್ಯುತ್ತು ಬಲವಾಗಿ ಲೋಲಕದ ಪಾರ 2 ರಿಂದ 3 ಡಿಗ್ರಿಗೆ ಏರಿದರೆ ಸಾಕು, ಗಡಿಯಾರ ದಿನಕ್ಕೆ 8 ಸೆಕೆಂಡು ಹಿಂದೆ ಬೀಳುತ್ತದೆ. ಬಲ ಹೆಚ್ಚಿದಾಗ ಗಡಿಯಾರ ಓಡದೆ ನಿಧಾನಿಸುವುದು ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ಕಂಡೀತು. ಬೇನನ ಗಡಿಯಾರಕ್ಕೆ ವೇಳೆ ಹೇಳುತ್ತಿದ್ದುದು ಲೋಲಕವೊಂದೇ ಅಲ್ಲ, ನೆಲದ ತೇವವೂ ಕೂಡ ಅದರಲ್ಲಿ ಕೈಯಾಡಿಸುತ್ತಿತ್ತೆನ್ನಬೇಕು.

ಪರಿಹಾರವು ಎರಡು ದಿಕ್ಕುಗಳಿಂದ ಬಂದಿತು. ಒಂದು, ಕೋಶವನ್ನೇ ಉತ್ತಮಪಡಿಸುವುದು. 1836ರ ಡೇನಿಯಲ್ ಕೋಶವು ಸುಮಾರು 1.1 ವೋಲ್ಟನ್ನು ಬಹಳ ಸ್ಥಿರವಾಗಿ ಕೊಡುತ್ತಿತ್ತು, ಆದರೆ ಅದರ ಆರೈಕೆ ತೊಡಕಿನದು. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆಯು ರಚಿಸಿದ ಕೋಶವು ನಿರಂತರವಾಗಿ ವಿದ್ಯುತ್ತನ್ನು ಸೆಳೆದರೆ ಬೇಗ ಬಳಲಿ, ಬಿಡುವು ಕೊಟ್ಟರೆ ಚೇತರಿಸಿಕೊಳ್ಳುವಂಥದು. ಗಡಿಯಾರಕ್ಕೆ ಬೇಕಾದುದು ಆಗಾಗ ಒಂದೊಂದು ಕ್ಷಣದ ವಿದ್ಯುತ್ತಾದ್ದರಿಂದ ಇವೆರಡರ ಜೋಡಿ ಚೆನ್ನಾಗಿ ಹೊಂದಿತು. ಇಂದಿನ ಗೋಡೆ ಗಡಿಯಾರದ ಬೆನ್ನಿನಲ್ಲಿ ಹಾಕುವ ಸಾಮಾನ್ಯ ಶುಷ್ಕಕೋಶವು ಈ ಲೆಕ್ಲಾಂಶೆ ಕೋಶದ ನೇರ ವಂಶಜ.

ಇನ್ನೊಂದು ದಿಕ್ಕು ನಮಗೆ ಹೆಚ್ಚು ಮುಖ್ಯವೆಂದು ತೋರುತ್ತದೆ. ಜರ್ಮನಿಯ ವ್ಯುರ್ಟೆಂಬರ್ಗಿನಲ್ಲಿ 1813ರಲ್ಲಿ ಹುಟ್ಟಿ, ಮುಂದೆ ಸ್ವಿಟ್ಸರ್ಲೆಂಡಿನ ಬರ್ನಿನಲ್ಲಿಯೂ ನ್ಯೂಶಾಟೆಲಿನಲ್ಲಿಯೂ ನೆಲೆಸಿದ ಮಥೇಯಸ್ ಹಿಪ್ಪನು ಕೋಶವನ್ನು ಸ್ಥಿರಗೊಳಿಸಹೊರಡಲಿಲ್ಲ; ಕೋಶವು ಎಷ್ಟು ಚಂಚಲವಾದರೂ ಲೋಲಕಕ್ಕೆ ಅದು ತಿಳಿಯದಂತೆ ಮಾಡಿದನು. ಅವನ ಲೋಲಕಕ್ಕೆ ಸಡಿಲವಾದ ಪುಟ್ಟ ನಾಲಗೆಯೊಂದು ತಗುಲಿರುತ್ತದೆ. ಲೋಲಕವು ತಕ್ಕಷ್ಟು ದೂರ ತೂಗುತ್ತಿರುವಾಗ ಈ ನಾಲಗೆ ಕಚ್ಚುಳ್ಳ ತುಂಡೊಂದರ ಮೇಲೆ ಸುಮ್ಮನೆ ಸವರಿ ದಾಟಿಹೋಗುತ್ತದೆ. ಪಾರವು ಕುಗ್ಗಿ ಒಂದು ಮಿತಿಗೆ ಇಳಿದ ಕೂಡಲೆ ನಾಲಗೆ ಪೂರ್ತಿ ದಾಟಲಾರದೆ ಕಚ್ಚಿನಲ್ಲಿ ಸಿಕ್ಕಿ, ಮರಳುವಾಗ ತುಂಡನ್ನು ಒತ್ತಿ ಮಂಡಲವನ್ನು ಕೂಡಿಸುತ್ತದೆ. ಆಗ ಲೋಲಕಕ್ಕೆ ಒಂದು ತಳ್ಳು. ಕೋಶವು ಹೊಸದಾಗಿದ್ದರೆ ತಳ್ಳುಗಳು ಅಪರೂಪ. ಹಳೆಯದಾದರೆ ಪದೇ ಪದೇ. ಪಾರವು ಮಾತ್ರ ಸರಿಸುಮಾರು ಒಂದೇ ಎಲ್ಲೆಯೊಳಗೆ ಉಳಿಯುತ್ತದೆ. ತನಗೆ ಬೇಕಾದಾಗ ಬೇಕಾದಷ್ಟನ್ನೇ ಕೇಳಿ ಪಡೆಯುವ ಯಂತ್ರವಿದು. ಇಂದಿನ ಎಂಜಿನಿಯರುಗಳು ಪ್ರತಿಪುಷ್ಟಿ ಎಂದು ಕರೆಯುವ ತತ್ತ್ವಕ್ಕೆ ಇದಕ್ಕಿಂತ ಅಂದವಾದ ಉದಾಹರಣೆಯನ್ನು ತರಗತಿಯಲ್ಲಿ ತೋರಿಸುವುದು ಕಷ್ಟ.

ಇಂಗ್ಲೆಂಡಿನಲ್ಲಿ ಫ್ರಾಂಕ್ ಹೋಪ್-ಜೋನ್ಸನು ಜಾರ್ಜ್ ಬೋವೆಲನೊಡನೆ 1895ರಲ್ಲಿ ಪೇಟೆಂಟ್ ಪಡೆದ ಸಿಂಕ್ರೊನೋಮ್ ಪದ್ಧತಿಯು ಇದೇ ಹಾದಿಯಲ್ಲಿ ಇನ್ನೂ ಮುಂದೆ ಹೋಯಿತು. ಈ ಪದ್ಧತಿಯ ಪಕ್ವ ರೂಪದಲ್ಲಿ ಅರ್ಧ ನಿಮಿಷಕ್ಕೊಮ್ಮೆ ಸಣ್ಣ ತೂಕದ ತೋಳೊಂದು ಇಳಿದು ಲೋಲಕವನ್ನು ತಳ್ಳುತ್ತದೆ. ತಳ್ಳುವುದು ಗುರುತ್ವ, ವಿದ್ಯುತ್ತಿನ ಕೆಲಸ ಇಳಿದ ತೋಳನ್ನು ಮತ್ತೆ ಮೇಲಕ್ಕೆತ್ತಿ ಇಡುವುದಷ್ಟೆ. ಕೋಶದಲ್ಲಿ ಬಲ ಹೆಚ್ಚಾಗಲಿ ಕಡಮೆಯಾಗಲಿ, ತೂಕವು ಬೀಳುವ ಎತ್ತರ ಒಂದೇ. ಕೋಶವು ಬಳಲುತ್ತ ಬಂದಾಗ ತೋಳು ಏಳುವುದು ಕಣ್ಣಿಗೆ ಕಾಣುವಷ್ಟು ತಡವಾಗಿ, ಗಡಿಯಾರ ನಿಲ್ಲುವುದಕ್ಕೆ ಮೊದಲೇ ಮುನ್ಸೂಚನೆ ಸಿಗುತ್ತಿತ್ತು. ಇದೇ ತತ್ತ್ವದ ಮೇಲೆ ರೈಲ್ವೆ ಎಂಜಿನಿಯರಾಗಿದ್ದ ವಿಲಿಯಂ ಷಾರ್ಟನು ನಿರ್ವಾತ ಕೊಳವೆಯಲ್ಲಿ ತೂಗುವ ಸ್ವತಂತ್ರ ಲೋಲಕದ ಗಡಿಯಾರವನ್ನು ರಚಿಸಿ, 1921ರಲ್ಲಿ ಎಡಿನ್‌ಬರೋ ವೇಧಶಾಲೆಯಲ್ಲಿ ನಿಲ್ಲಿಸಿದನು. ವರ್ಷಕ್ಕೆ ಒಂದು ಸೆಕೆಂಡಿನ ಆಸುಪಾಸಿನ ನಿಷ್ಕೃಷ್ಟತೆಯನ್ನು ಅದು ಸಾಧಿಸಿತು.

ಇದುವರೆಗಿನ ಪ್ರಯತ್ನವೆಲ್ಲ ವಿದ್ಯುತ್ತನ್ನು ವೇಳೆಯಿಂದ ದೂರವಿಡುವುದಕ್ಕಾಗಿ. ಅಮೆರಿಕದ ಮ್ಯಾಸಚೂಸೆಟ್ಸಿನ ಹೆನ್ರಿ ವಾರನನು ಇದನ್ನು ಪೂರ್ತಿ ಮಗುಚಿಹಾಕಿದನು. ಅವನೂ ಬ್ಯಾಟರಿ ಗಡಿಯಾರಗಳಿಂದಲೇ ಮೊದಲು ಮಾಡಿದವನು. ಆದರೆ ಮನೆಮನೆಗೆ ಪರ್ಯಾಯ ವಿದ್ಯುತ್ತಿನ ತಂತಿಗಳು ಬರುತ್ತಿದ್ದುದನ್ನು ಕಂಡು, ಆ ವಿದ್ಯುತ್ತು ಸೆಕೆಂಡಿಗೆ 60 ಸಲ ದಿಕ್ಕು ತಿರುಗಿ ಬರುವುದನ್ನೇ ಎಣಿಸಿದರೆ ಲೋಲಕವೇ ಬೇಡವಷ್ಟೆ ಎಂದು ಯೋಚಿಸಿದನು. ತಂತಿಯ ವಿದ್ಯುತ್ತಿನ ಹೆಜ್ಜೆಗೆ ಹೆಜ್ಜೆ ಕೂಡಿಸಿ ತಿರುಗುವ, ತಾನೇ ಹೊರಡಬಲ್ಲ ಪುಟ್ಟ ಸಮಕಾಲಿಕ ಮೋಟಾರನ್ನು ರಚಿಸಿದನು. ತೊಂದರೆಯೆಂದರೆ ಅಂದಿನ ವಿದ್ಯುದಾಗಾರಗಳು ತಮ್ಮ ಆವೃತ್ತಿಯನ್ನು ಅಷ್ಟು ಜೋಪಾನ ಮಾಡುತ್ತಿರಲಿಲ್ಲ. ದೀಪಕ್ಕೆ ಅದರ ಅಗತ್ಯವೂ ಇರಲಿಲ್ಲ. ಆದುದರಿಂದ ವಾರನನು ಮನೆಯ ಗಡಿಯಾರವನ್ನು ತಿದ್ದುವ ಬದಲು ವಿದ್ಯುದಾಗಾರವನ್ನೇ ತಿದ್ದಿದನು. 1916ರ ಅಕ್ಟೋಬರಿನಲ್ಲಿ ಬಾಸ್ಟನ್ನಿನ ಎಡಿಸನ್ ಕಂಪನಿಯ ಆಗಾರದಲ್ಲಿ ಒಂದು ಮುಖ್ಯ ಗಡಿಯಾರವನ್ನು ಇರಿಸಲಾಯಿತು. ಒಂದೇ ಮುಖದ ಮೇಲೆ ಎರಡು ಮುಳ್ಳು: ಒಂದನ್ನು ಒಳ್ಳೆಯ ಲೋಲಕ ನಡೆಸುತ್ತಿತ್ತು, ಇನ್ನೊಂದನ್ನು ಆಗಾರದ ವಿದ್ಯುತ್ತೇ ನಡೆಸುತ್ತಿತ್ತು. ಎರಡು ಮುಳ್ಳುಗಳೂ ಜೊತೆಯಾಗಿ ಹೋಗುವಂತೆ ಜನಿತ್ರದ ವೇಗವನ್ನು ಹಿಡಿದುಕೊಳ್ಳುವುದು ಅಲ್ಲಿನ ಕೆಲಸಗಾರನ ಕರ್ತವ್ಯ. ಹೀಗೆ ಇಡೀ ನಗರದ ತಂತಿಗಳೇ ಒಂದು ಗಡಿಯಾರದ ಅಂಗಗಳಾದವು. ಆವೃತ್ತಿಯನ್ನು ಬಿಗಿಯಾಗಿ ಹಿಡಿದ ಆಗಾರಗಳನ್ನು ಒಂದರೊಡನೊಂದು ಜೋಡಿಸುವುದೂ ಇದರಿಂದ ಸುಲಭವಾಯಿತು.

ಈ ಏರ್ಪಾಡಿನ ದೌರ್ಬಲ್ಯವು ವಿದ್ಯುತ್ತು ನಿಂತಾಗ ಬಯಲಾಗುತ್ತದೆ. ತಾನೇ ಹೊರಡುವ ವಾರನನ ಗಡಿಯಾರವು ವಿದ್ಯುತ್ತು ಮರಳಿದ ಕೂಡಲೆ ಏನೂ ಆಗದಂತೆ ನಡೆಯತೊಡಗುತ್ತದೆ. ನೋಡುವವನಿಗೆ ಅದು ಹಿಂದೆ ಬಿದ್ದಿರುವುದು ಗೊತ್ತಾಗದು. ಅದಕ್ಕಾಗಿ ವಿದ್ಯುತ್ತು ತಪ್ಪಿದಾಗ ಕೆಂಪು ಚುಕ್ಕೆಯೊಂದು ಮುಖದ ಮೇಲೆ ಕಾಣುವಂತೆ ಮಾಡಬೇಕಾಯಿತು. ಇಂಗ್ಲೆಂಡಿನಲ್ಲಿ ಮಾರಾಟವಾಗುತ್ತಿದ್ದ ಅನೇಕ ಸಮಕಾಲಿಕ ಗಡಿಯಾರಗಳಾದರೋ ಒಮ್ಮೆ ನಿಂತರೆ ಕೈಯಿಂದ ತಿರುಗಿಸಿ ಹೊರಡಿಸುವವರೆಗೆ ನಿಂತೇ ಇರುತ್ತಿದ್ದವು. ನಮ್ಮ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಪ್ರಾಮಾಣಿಕವಾದ ಗಡಿಯಾರ. ತಪ್ಪು ವೇಳೆಯನ್ನು ಧೈರ್ಯವಾಗಿ ತೋರಿಸುವುದಕ್ಕಿಂತ ನಿಂತಿರುವುದು ಮೇಲು.

ತಂತಿಯ ವಿದ್ಯುತ್ತನ್ನು ವೇಳೆಗಾಗಿ ನಂಬುವವರು ಆ ತಂತಿಯ ಊರನ್ನೂ ಕಾಲವನ್ನೂ ಕೇಳಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತಿನ ಆವೃತ್ತಿ 25. 50 ಆವೃತ್ತಿಗೆಂದು ಮಾಡಿದ ಸಮಕಾಲಿಕ ಗಡಿಯಾರವನ್ನು ಅಂಥ ತಂತಿಗೆ ತಗುಲಿಸಿದರೆ ಅದು ಒಂದು ಗಂಟೆಯಲ್ಲಿ ಅರ್ಧ ಗಂಟೆಯನ್ನಷ್ಟೇ ತೋರಿಸುತ್ತದೆ. ಮುಂದೆ ದೇಶಕ್ಕೆಲ್ಲ 50 ಹರ್ಟ್ಸ್ ರೂಢಿಯಾಯಿತಾದರೂ ಬೇಡಿಕೆಗೆ ತಕ್ಕ ಉತ್ಪಾದನೆ ಇಲ್ಲದ ದಿನಗಳಲ್ಲಿ ಆ ಅಂಕಿ ಕಾಗದದ ಮೇಲಷ್ಟೇ ನಿಂತಿತ್ತು. 1990ರ ದಶಕದಲ್ಲಿ ಭಾರತದ ಜಾಲಗಳ ಆವೃತ್ತಿ 48.5ರ ಕೆಳಗೂ ಇಳಿಯುತ್ತಿತ್ತು. ಇಡೀ ದಿನ 48.5 ಹರ್ಟ್ಸಿನಲ್ಲಿ ನಡೆದ ಸಮಕಾಲಿಕ ಗಡಿಯಾರ 43 ನಿಮಿಷಕ್ಕೂ ಮಿಕ್ಕಿ ಹಿಂದೆ ಬೀಳುತ್ತದೆ! 2002-03ರಿಂದ ಜಾರಿಗೆ ಬಂದ, ಆವೃತ್ತಿಯನ್ನು ಲೆಕ್ಕಕ್ಕೆ ಹಿಡಿಯುವ ದರಪದ್ಧತಿಯಿಂದ ಸ್ಥಿತಿ ಬಹಳ ಸುಧಾರಿಸಿತು. ದಕ್ಷಿಣದ ಜಾಲವು 2013ರ ಡಿಸೆಂಬರ್ 31ರಂದು ದೇಶದ ಉಳಿದ ಜಾಲದೊಡನೆ ಕೂಡಿತು. 2014ರಲ್ಲಿ ಅನುಮತಿಯ ಎಲ್ಲೆಯನ್ನು 49.90 ರಿಂದ 50.05 ಹರ್ಟ್ಸಿಗೆ ಬಿಗಿಗೊಳಿಸಲಾಯಿತು. ಮೋಟಾರುಗಳಿಗೂ ದೀಪಗಳಿಗೂ ಇದು ಅತ್ಯುತ್ತಮ. ಗಡಿಯಾರದ ಲೆಕ್ಕ ಬೇರೆ: ದಿನವಿಡೀ 49.90ರಲ್ಲಿದ್ದರೆ 173 ಸೆಕೆಂಡು ನಷ್ಟ, 50.05ರಲ್ಲಿದ್ದರೆ 86 ಸೆಕೆಂಡು ಲಾಭ.

ಜಾಲವನ್ನು ವೇಳೆಗೆ ತಕ್ಕಂತೆ ನಿಯಮಿತವಾಗಿ ತಿದ್ದಿಕೊಳ್ಳುವ ಯೂರೋಪಿನಲ್ಲಿಯೂ ಈ ನಂಬಿಕೆ ಒಮ್ಮೆ ಕೈಕೊಟ್ಟಿತು. 2018ರ ಜನವರಿ ನಡುವಿನಿಂದ ಮಾರ್ಚ್ ಮೊದಲ ವಾರದವರೆಗೆ ಸರ್ಬಿಯಾ ಮತ್ತು ಕೊಸೊವೊಗಳ ನಡುವಣ ವಿವಾದದಿಂದಾಗಿ ಜಾಲಕ್ಕೆ ಸಲ್ಲಬೇಕಾಗಿದ್ದ 113 ಗಿಗಾವಾಟ್-ಗಂಟೆಗಳಷ್ಟು ಶಕ್ತಿ ಸಲ್ಲಲಿಲ್ಲ. 25 ದೇಶಗಳನ್ನು ಕೂಡಿಸುವ ಜಾಲದ ಸರಾಸರಿ ಆವೃತ್ತಿ 49.996ಕ್ಕೆ ಇಳಿಯಿತು. ಕೊರತೆ ಎಷ್ಟು ಅಲ್ಪವೆಂದರೆ ಯಾವ ದೀಪವೂ ಮಿಣುಕಲಿಲ್ಲ. ಆದರೆ ದಿನಕ್ಕೆ 7 ಸೆಕೆಂಡಿನಂತೆ ಐವತ್ತು ದಿನ ಕೂಡುತ್ತ ಬಂದು, ಸ್ಪೇನಿನಿಂದ ತುರ್ಕಿಯವರೆಗೆ ಒಲೆಗಳಲ್ಲಿಯೂ ರೇಡಿಯೋಗಳಲ್ಲಿಯೂ ಇದ್ದ, ತಂತಿಯನ್ನು ಎಣಿಸುವ ಗಡಿಯಾರಗಳೆಲ್ಲ ಸುಮಾರು ಆರು ನಿಮಿಷ ಹಿಂದೆ ಬಿದ್ದವು. ಅದೇ ಮನೆಗಳಲ್ಲಿ ಶುಷ್ಕಕೋಶದಿಂದ ನಡೆಯುತ್ತಿದ್ದ ಅಗ್ಗದ ಸ್ಫಟಿಕ ಗಡಿಯಾರಗಳಿಗೆ ಈ ರಾಜಕೀಯವೇನೂ ತಟ್ಟಲಿಲ್ಲ.

ಸ್ಫಟಿಕ ಗಡಿಯಾರವು 1927ರಲ್ಲಿ ಬೆಲ್ ಪ್ರಯೋಗಾಲಯದ ವಾರನ್ ಮ್ಯಾರಿಸನ್ ಮತ್ತು ಹಾರ್ಟನ್ ಎಂಬವರಿಂದ ರೂಪುಗೊಂಡಿತು. ನಿರ್ವಾತನಳಿಕೆಗಳ ಆ ಕಾಲದಲ್ಲಿ ಅದರ ವಿದ್ಯುದ್ದಾಹ ಮನೆಯವರ ಕೈಗೆ ಎಟುಕುವಂಥದಾಗಿರಲಿಲ್ಲ. 1970ರ ದಶಕದಲ್ಲಿ ಗಡಿಯಾರದ ಎಣಿಕೆಯನ್ನೆಲ್ಲ ಒಂದೇ ಚಿಪ್ಪಿನಲ್ಲಿ ಅಡಗಿಸಿದ ಮೇಲೆ ಹವ್ಯಾಸಿಗಳು ಎಲೆಕ್ಟ್ರಾನಿಕ್ ಗಡಿಯಾರಗಳನ್ನು ಮನೆಯಲ್ಲಿ ಕಟ್ಟತೊಡಗಿದರು. ಕುತೂಹಲದ ಸಂಗತಿಯೆಂದರೆ ಆ ಕಾಲದಲ್ಲಿ ಜನಪ್ರಿಯವಾದ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ ಎಂಎಂ 5314ರಂತಹ ಚಿಪ್ಪುಗಳು ಸ್ಫಟಿಕವನ್ನು ಬಿಟ್ಟು ವಾರನನ ಹಾದಿಯನ್ನೇ ಹಿಡಿದವು. ತಂತಿಯ 50 ಅಥವಾ 60 ಆವೃತ್ತಿಗಳನ್ನು ಎಣಿಸುವುದೇ ಅವುಗಳ ಕ್ರಮ. ಹಳೆಯ ನಕ್ಷೆಯನ್ನು ನೋಡಿ ಇಂದು ಇಂಥ ಗಡಿಯಾರವನ್ನು ಕಟ್ಟುವವರು ಇಲ್ಲಿಯೇ ಎಡವುತ್ತಾರೆ. ಟ್ರಾನ್ಸ್‌ಫಾರ್ಮರಿನ ಕೆಳ ಸುರುಳಿಯಿಂದ ಬರುವ ಪರ್ಯಾಯ ವಿದ್ಯುತ್ತಿನಲ್ಲಿ ಬಲವೂ ಇದೆ, ಎಣಿಕೆಯೂ ಇದೆ. ಇಂದಿನ ಫೋನ್ ಅಡಾಪ್ಟರಿನಿಂದ ಬರುವುದು ನಯವಾದ ಏಕಮುಖ ವಿದ್ಯುತ್ತು. ಅದರಲ್ಲಿ ಬಲವಿದೆ, ಎಣಿಕೆ ಇಲ್ಲ. ದೀಪಗಳು ಬೆಳಗುತ್ತವೆ, ಗಡಿಯಾರ ಮುಂದೆ ಸರಿಯುವುದಿಲ್ಲ.

ಎಣಿಕೆಯನ್ನು ಸ್ಫಟಿಕಕ್ಕೆ ಬಿಟ್ಟುಕೊಟ್ಟು ತಂತಿಯಿಂದ ಬಲವನ್ನು ಮಾತ್ರ ಪಡೆಯುವುದು ನಮ್ಮ ನಾಡಿನ ಪರಿಸ್ಥಿತಿಗೆ ಯುಕ್ತವೆಂದು ನಾವು ಭಾವಿಸುತ್ತೇವೆ. ಸೆಕೆಂಡಿಗೆ 32,768 ಸಲ ಕಂಪಿಸುವ ಸಾಮಾನ್ಯ ಸ್ಫಟಿಕದ ದೋಷ ದಶಲಕ್ಷಕ್ಕೆ 20ರಷ್ಟಿದ್ದರೂ ದಿನಕ್ಕೆ 1.7 ಸೆಕೆಂಡನ್ನು ಮೀರದು. ಆಗ ವಿದ್ಯುನ್ಮೂಲದ ಆಯ್ಕೆ ಬರಿಯ ಬಲದ ಲೆಕ್ಕವಾಗುತ್ತದೆ. ಆದರೂ ಆ ಲೆಕ್ಕವನ್ನು ಮಾಡಲೇಬೇಕು. ಅಂಕಿದೀಪಗಳೂ ಸೇರಿ ಗಡಿಯಾರವು 5 ವೋಲ್ಟಿನಲ್ಲಿ 0.3 ಆಂಪಿಯರನ್ನು ಸೆಳೆಯುತ್ತದೆಯೆಂದು ಇಟ್ಟುಕೊಳ್ಳೋಣ. 7805 ಎಂಬ ರೆಗ್ಯುಲೇಟರು 5 ವೋಲ್ಟನ್ನು ಕೊಡಬೇಕಾದರೆ ಅದಕ್ಕೆ ಸುಮಾರು 7 ವೋಲ್ಟಾದರೂ ಎಲ್ಲ ಕ್ಷಣಗಳಲ್ಲಿಯೂ ಸಲ್ಲುತ್ತಿರಬೇಕು. 6 ವೋಲ್ಟಿನ ಟ್ರಾನ್ಸ್‌ಫಾರ್ಮರು ಸಾಕೆಂದು ಮೇಲುನೋಟಕ್ಕೆ ತೋರೀತು. ಅದರ ಶಿಖರ 8.5 ವೋಲ್ಟು, ಸೇತುವೆಯ ಎರಡು ಡಯೋಡುಗಳಲ್ಲಿ 1.4 ವೋಲ್ಟು ಕಳೆದರೆ 7.1, 2200 ಮೈಕ್ರೋಫ್ಯಾರಡ್ ಕೆಪಾಸಿಟರು ಎರಡು ಶಿಖರಗಳ ನಡುವೆ ಇನ್ನೂ 1.4 ವೋಲ್ಟಿನಷ್ಟು ಇಳಿಯುತ್ತದೆ. ಉಳಿದುದು 5.7. ಇದು ಸಾಲದು. 9 ವೋಲ್ಟಿನದನ್ನು ಹಿಡಿದರೆ ಇದೇ ಲೆಕ್ಕದಲ್ಲಿ 9.9 ಉಳಿಯುತ್ತದೆ, ಸಂಜೆಯ ಹೊತ್ತು ಮನೆಯ ವಿದ್ಯುದ್ಬಲ ನೂರಕ್ಕೆ ಇಪ್ಪತ್ತರಷ್ಟು ಕುಸಿದರೂ 7.4ರ ಹತ್ತಿರ ನಿಲ್ಲುತ್ತದೆ. 12 ವೋಲ್ಟಿನದನ್ನು ಆರಿಸಿದರೆ ಭದ್ರತೆ ಹೆಚ್ಚು, ಆದರೆ ಮಿಕ್ಕಿದ್ದೆಲ್ಲ ರೆಗ್ಯುಲೇಟರಿನಲ್ಲಿ ಶಾಖವಾಗಿ ಹೋಗುತ್ತದೆ. 9 ವೋಲ್ಟಿನಲ್ಲಿಯೇ ಆ ಶಾಖ 1.7 ವಾಟಿನಷ್ಟಿರುವುದರಿಂದ ಲೋಹದ ಶಾಖಹಾರಿಯನ್ನು ತಗುಲಿಸುವುದು ಅವಶ್ಯ. ಈ ಬಿಸಿಯನ್ನು ಸ್ಫಟಿಕದ ಪಕ್ಕದಲ್ಲಿ ಇರಿಸಬಾರದು. ಬಿಸಿಯಿಂದ ಸ್ಫಟಿಕದ ಕಂಪನ ಬದಲಾಗಿ, ಹೊರಹಾಕಿದ ವಿದ್ಯುನ್ಮೂಲವು ಹಿಂಬಾಗಿಲಿನಿಂದ ಮತ್ತೆ ವೇಳೆಯೊಳಗೆ ಪ್ರವೇಶಿಸುತ್ತದೆ. ಈ ತೊಡಕು ಬೇಡವೆನ್ನುವವರಿಗೆ ಒಳ್ಳೆಯ 5 ವೋಲ್ಟಿನ ಫೋನ್ ಅಡಾಪ್ಟರೇ ಸಾಕು. ಎಣಿಕೆ ಸ್ಫಟಿಕದ್ದಾಗಿರುವಾಗ ಅದರ ಮೇಲೆ ನಮ್ಮ ಆಕ್ಷೇಪಣೆ ಏನೂ ಇಲ್ಲ.

ಟ್ರಾನ್ಸ್‌ಫಾರ್ಮರಿನ ಬೆಲೆಯನ್ನು ಉಳಿಸುವುದಕ್ಕಾಗಿ ತಂತಿಗೆ ಕೆಪಾಸಿಟರನ್ನು ಸರಣಿಯಾಗಿ ಸೇರಿಸಿ ನೇರವಾಗಿ ವಿದ್ಯುತ್ತನ್ನು ಇಳಿಸಿಕೊಳ್ಳುವ ಒಂದು ಉಪಾಯ ಪ್ರಚಾರದಲ್ಲಿದೆ. ಅದರಲ್ಲಿ ಗಡಿಯಾರದ ಪ್ರತಿಯೊಂದು ಭಾಗವೂ 230 ವೋಲ್ಟಿನ ತಂತಿಗೆ ಸಂಬಂಧಿಸಿಯೇ ಇರುತ್ತದೆ. ವೇಳೆಯನ್ನು ತಿದ್ದಲೆಂದು ಗುಂಡಿಯನ್ನು ಮುಟ್ಟುವ ಕೈಗೆ ಪ್ರಾಣಾಪಾಯ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದಕ್ಕೆ ಅವಕಾಶ ಕೊಡತಕ್ಕದ್ದಲ್ಲ. ಹಳೆಯ ನಿಕ್ಸಿ ನಳಿಕೆಗಳ ಗಡಿಯಾರವನ್ನು ಕಟ್ಟುವವರಿಗೂ, ಆ ನಳಿಕೆ ಬೆಳಗಲು ಸುಮಾರು 170 ವೋಲ್ಟು ಬೇಕಾಗುವುದರಿಂದ, ಇದೇ ಎಚ್ಚರಿಕೆ ಸಲ್ಲುತ್ತದೆ.

ಇನ್ನು ಉಳಿದುದು ವಿದ್ಯುತ್ತು ಹೋದಾಗಿನ ಮಾತು. ಗಡಿಯಾರವನ್ನೆಲ್ಲ ಬ್ಯಾಟರಿಯಿಂದ ಹೊರಿಸಹೊರಟರೆ ಸಿಆರ್ 2032 ಎಂಬ ಗುಂಡಿಕೋಶದ ಸುಮಾರು 220 ಮಿಲಿಆಂಪಿಯರ್-ಗಂಟೆಗಳ ಶಕ್ತಿ, ಲೆಕ್ಕಕ್ಕೆ ಹಿಡಿದರೂ, ಒಂದು ಗಂಟೆಗೆ ಸಾಲದು; ಅಷ್ಟು ಪ್ರವಾಹವನ್ನು ಆ ಕೋಶ ಕೊಡಲಾರದೆಂಬುದು ಬೇರೆ. ಆದರೆ ಸೆಳೆತದ ಬಹುಪಾಲು ತೋರುವ ದೀಪಗಳದು, ಎಣಿಕೆಯದಲ್ಲ. ಡಿಎಸ್ 1307ರಂತಹ ಎಣಿಸುವ ಚಿಪ್ಪು ಗುಂಡಿಕೋಶದ ಮೇಲೆ ನಡೆಯುವಾಗ ಸೆಳೆಯುವುದು ಅರ್ಧ ಮೈಕ್ರೋಆಂಪಿಯರಿನ ಒಳಗೆ; ಒಂದೇ ಕೋಶ ಅದಕ್ಕೆ ಅನೇಕ ವರ್ಷ ಬರುತ್ತದೆ. ಆದಕಾರಣ ವಿದ್ಯುತ್ತು ಹೋದಾಗ ದೀಪಗಳನ್ನು ಆರಲು ಬಿಟ್ಟು ಎಣಿಕೆಯೊಂದಕ್ಕೇ ಕೋಶವನ್ನು ಮೀಸಲಿಡುವುದು ಸರಿಯಾದ ವಿಭಾಗ. ಕಟ್ಟಿದ ಮೇಲೆ ತಂತಿಯನ್ನು ಒಂದು ರಾತ್ರಿ ಕಿತ್ತಿಟ್ಟು ಬೆಳಗ್ಗೆ ಆಕಾಶವಾಣಿಯ ವೇಳೆಯೊಡನೆ ಹೋಲಿಸಿ ನೋಡಬೇಕು. ಅಂಕಿಗಳು ಸೊನ್ನೆಯಿಂದ ಮಿನುಗುತ್ತಿದ್ದರೆ ಕೋಶದ ಸಂಪರ್ಕವನ್ನು ಪರೀಕ್ಷಿಸತಕ್ಕದ್ದು. ಕೆಲವು ನಿಮಿಷಗಳಷ್ಟು ಹಿಂದೆ ಬಿದ್ದಿದ್ದರೆ ಸ್ಫಟಿಕದ ಬೆಸುಗೆಯನ್ನು.